ಕಾಣದ ಮೃಗ

ನಮ್ಮ ಕಾಡಿನ ಬರಹಗಳಲ್ಲಿ ಮೃಗವು ಬಹಳ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಲೇಖಕರು ಎರಡು ಪುಟ ನಡೆದರೆ ಸಾಕು, ಹುಲಿ ಪೊದೆಯಿಂದ ಹೊರಬಂದು ಎದುರಿಗೆ ನಿಲ್ಲುತ್ತದೆ. ಮಳೆಗಾಲದಲ್ಲಿ ಸೊರಬದ ಕಾನುಗಳನ್ನು ಹೊಕ್ಕುಬಂದವರಿಗೆ ಇದನ್ನು ನಂಬುವುದು ಕಷ್ಟ.

ಹಿಂದಿನ ಆಷಾಢದಲ್ಲಿ ಚಂದ್ರಗುತ್ತಿಯ ಸಮೀಪದ ಕಾನೊಂದರಲ್ಲಿ ಮೂರು ಗಂಟೆ ಅಲೆದೆ. ಮೊದಲು ಎದುರಾದದ್ದು ಉಂಬಳ. ಅದೂ ಕಂಡು ತಿಳಿದದ್ದಲ್ಲ, ಪಾದದ ಮೇಲೆ ರಕ್ತ ಇಳಿದಾಗ ತಿಳಿದದ್ದು. ಕೊಡೆಯ ಮೇಲೆ ಮಳೆ ಬಡಿಯುತ್ತಿದ್ದುದರಿಂದ ಕಿವಿಯೂ ಕೆಲಸಕ್ಕೆ ಬಾರದಾಯಿತು. ಕೊಡೆ ಮಡಿಸಿದ ಮೇಲೆ ದೂರದಲ್ಲೆಲ್ಲೋ ನಾಯಿ ಬೊಗಳಿದಂತಾಯಿತು. ‘ನಾಯಲ್ಲ ಸ್ವಾಮಿ, ಕಾಡುಕುರಿ’ ಎಂದರು ಜೊತೆಗಿದ್ದ ಊರ ಹಿರಿಯರು. ಇನ್ನಷ್ಟು ಮುಂದೆ ದನದ ಕೊಟ್ಟಿಗೆಯ ವಾಸನೆ, ವಾಟೆಯ ಮೆಳೆ ಮುರಿದ ಸದ್ದು. ‘ಕಾಟಿ’ ಎಂದು ಪಿಸುಗುಟ್ಟಿ ಅವರು ನನ್ನ ರಟ್ಟೆ ಹಿಡಿದು ನಿಲ್ಲಿಸಿದರು. ನಾನು ಕಂಡದ್ದು ಅಲುಗುತ್ತಿದ್ದ ಎಲೆಗಳನ್ನು ಮಾತ್ರ. ಆದರೆ ಯಾವ ಬೇಟೆಯ ಕಥೆಯೂ ನನ್ನನ್ನು ಅಷ್ಟು ಹೆದರಿಸಿರಲಿಲ್ಲ.

ಬೇಟೆಯ ಸಾಹಿತ್ಯಕ್ಕೆ ಈ ಸೀಮೆ ಹೊಸದೇನಲ್ಲ. ಶಿಕಾರಿಪುರದ ಹೆಸರಿನಲ್ಲೇ ಶಿಕಾರಿ ಇದೆ! ಬೆಂಗಳೂರಿನ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದಲ್ಲಿಯೇ ಪಕ್ಕದ ತ್ಯಾಗರ್ತಿಯ ಹುಲಿಗಳಿಗೆ ಒಂದು ಅಧ್ಯಾಯ ಮೀಸಲಾಗಿದೆ. ಹೆಜ್ಜೆಯ ಗುರುತನ್ನು ಓದುವಲ್ಲಿ ಆತ ಗಟ್ಟಿಗ. ಆದರೆ ಕಥೆಗೆ ಕೊನೆ ಬೇಕು, ಕೊನೆಗೆ ಗುಂಡು ಬೇಕು, ಗುಂಡಿಗೆ ಗುರಿ ಕಾಣಬೇಕು. ಹೀಗಾಗಿ ಕಾಡೆಲ್ಲವೂ ಹುಲಿಯ ಪ್ರವೇಶಕ್ಕೆ ಕಟ್ಟಿದ ಪರದೆಯಾಗಿಬಿಡುತ್ತದೆ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಈ ತೊಡಕನ್ನು ಒಂದು ನಾಯಿಯಿಂದ ಬಿಡಿಸಿದೆ. ಗುತ್ತಿಯ ಜೊತೆಗೆ ಹುಲಿಯ ನಡೆಯುತ್ತಿರುವುದರಿಂದ ಕಾಡು ನಮಗೆ ಮೂಗು-ಕಿವಿಗಳ ಮೂಲಕವೂ ತಲುಪುತ್ತದೆ. ತುಂಗೆಯ ನೆರೆಯಲ್ಲಿ ಆ ನಾಯಿ ಕೊಚ್ಚಿಹೋದಾಗ ನಮ್ಮದೇ ಒಂದು ಇಂದ್ರಿಯ ಹೋದಂತಾಗುವುದು ಅದಕ್ಕೇ. ಮಳೆಗಾಡಿನಲ್ಲಿ ನಡೆಯುವುದೆಂದರೇನೆಂದು ಬಲ್ಲ ಲೇಖನಿ ಅದು.

ಇದಕ್ಕೂ ಹಿಂದಿನ ನಿದರ್ಶನ ಶಿಕಾರಿಪುರ ತಾಲ್ಲೂಕಿನದೇ. ಉಡುತಡಿಯ ಅಕ್ಕಮಹಾದೇವಿ ತನ್ನ ವಚನವೊಂದರಲ್ಲಿ ಗಿಳಿ, ಕೋಗಿಲೆ, ತುಂಬಿ, ಹಂಸೆ, ನವಿಲುಗಳನ್ನು ಕರೆದು ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ವಿಚಾರಿಸುತ್ತಾಳೆ. ಭಕ್ತಿಯ ವಿಚಾರ ಬಲ್ಲವರು ಹೇಳಲಿ. ನನಗೆ ಮುಖ್ಯವಾಗಿ ತೋರುವುದು, ಯಾವ ಹಕ್ಕಿಯೂ ಅಲ್ಲಿ ಉತ್ತರ ಕೊಡುವುದಿಲ್ಲ ಎಂಬುದು. ಅವುಗಳ ಬಾಯಲ್ಲಿ ಮಾತು ತುರುಕದ ಸಂಯಮ ನಮ್ಮ ಎಷ್ಟೋ ಪ್ರಕೃತಿಕವಿಗಳಿಗೆ ಇಲ್ಲ.

ಇದು ಬರಿಯ ಶೈಲಿಯ ಜಗಳವಲ್ಲ. ಹುಲಿ ಕಂಡರೆ ಮಾತ್ರ ಕಾಡು ಎಂದು ಓದುಗರಿಗೆ ಕಲಿಸಿದವರು ನಾವೇ. 1868ರಲ್ಲಿ ಬ್ರ್ಯಾಂಡಿಸ್ ಮತ್ತು ಗ್ರಾಂಟ್ ಸೊರಬ ತಾಲ್ಲೂಕಿನಲ್ಲಿ 171 ಕಾನುಗಳನ್ನು ಲೆಕ್ಕ ಹಾಕಿದ್ದರು. ಅವುಗಳಲ್ಲಿ ಎಷ್ಟೋ ಕಾನುಗಳು ಕರಗಿದವು, ಹಲವೆಡೆ ಅಕೇಶಿಯಾ ಎದ್ದಿತು. ನರಭಕ್ಷಕನಿಗೆ ಅಧ್ಯಾಯ ಬರೆದವರುಂಟು. ಆ ಉಂಬಳದ, ಕಾಡುಕುರಿಯ ಕಾನುಗಳಿಗೆ ಒಂದು ಪುಟ ಬರೆದವರು ಎಷ್ಟು ಮಂದಿ?