ಮೊಳೆ ಟೈರಿಗೆ ಜಪಾನ್ ಹಾಕಿದ ಕಡಿವಾಣ

ಹಿಮದ ನಾಡುಗಳಲ್ಲಿ ಚಳಿಗಾಲ ಬಂದರೆ ಕಾರಿಗೆ ಮೊಳೆ ಟೈರು ಹಾಕುತ್ತಾರೆ. ರಬ್ಬರಿನಿಂದ ತುಸುವೇ ಹೊರಚಾಚಿದ ಲೋಹದ ಮೊಳೆಗಳು ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತವೆ. ಗಡ್ಡೆ ಕರಗಿ ಡಾಂಬರು ಒಣಗಿತೋ, ಅವೇ ಮೊಳೆಗಳು ರಸ್ತೆಯನ್ನು ಅರೆದು ಪುಡಿ ಮಾಡುತ್ತವೆ. ಕಾರಿನೊಳಗೆ ಕೂತವರಿಗೆ ಭದ್ರತೆ, ಬೀದಿಯಲ್ಲಿ ನಡೆಯುವವರಿಗೆ ಧೂಳು. ಇದನ್ನು ಬಗೆಹರಿಸಲು ಹೊರಟ ಕಾನೂನುಗಳ ಪೈಕಿ ಜಪಾನಿನ 1990ರ ಕಾಯ್ದೆಯೇ ನನಗೆ ಮೇಲೆನಿಸುತ್ತದೆ.

ಸೆಂದಾಯ್ ನಗರದಲ್ಲಿ ಹಿಮ ಬೀಳುವುದು ಕಡಿಮೆ. ಆದರೂ 1980ರ ದಶಕದಲ್ಲಿ ಚಳಿಗಾಲವಿಡೀ ಕಾರುಗಳು ಮೊಳೆ ಟೈರಿನಲ್ಲೇ ಬರಿ ಡಾಂಬರಿನ ಮೇಲೆ ಓಡಾಡುತ್ತಿದ್ದವು. ಬಟ್ಟೆ ಒಗೆದು ಹೊರಗೆ ಒಣಹಾಕುವಂತಿರಲಿಲ್ಲ. ಜನ ಮೂಗು ಮುಚ್ಚಿಕೊಂಡು ತಿರುಗುತ್ತಿದ್ದರು. ಸೆಂದಾಯ್ ಇರುವ ಮಿಯಾಗಿ ಪ್ರಾಂತ್ಯ 1985ರಲ್ಲಿ ತನ್ನದೇ ನಿಯಮ ತಂದಿತು. ನಾಗಾನೊದ ವಕೀಲರು ತಯಾರಕರ ವಿರುದ್ಧವೇ ದೂರು ಒಯ್ದರು. 1988ರ ರಾಜಿಯಲ್ಲಿ ಏಳು ಟೈರು ಕಂಪನಿಗಳು 1990ರ ಕೊನೆಗೆ ಉತ್ಪಾದನೆ ನಿಲ್ಲಿಸಲು ಒಪ್ಪಿದವು. ಕಾಯ್ದೆ ಬಂದದ್ದು ಅದಾದ ಮೇಲೆ. ಕಾಯ್ದೆಯ ನಿಜವಾದ ಬಲ ಇರುವುದು ಇಲ್ಲಿಯೇ: ಪೊಲೀಸರು ಒಂದೊಂದೇ ಕಾರು ತಡೆಯುವ ಮೊದಲೇ ಕಾರ್ಖಾನೆಯ ಬಾಗಿಲು ಮುಚ್ಚಿತ್ತು.

ಕಾಯ್ದೆಯ ಮಾತೂ ಅಳೆದು ತೂಗಿದ್ದು. ಅದು ಟೈರನ್ನೇ ಅಪರಾಧ ಎನ್ನುವುದಿಲ್ಲ. ಗೊತ್ತುಪಡಿಸಿದ ಪ್ರದೇಶಗಳಲ್ಲಿ, ಹಿಮವಾಗಲಿ ಮಂಜುಗಡ್ಡೆಯಾಗಲಿ ಇಲ್ಲದ ಡಾಂಬರು, ಕಾಂಕ್ರೀಟು ರಸ್ತೆಯ ಮೇಲೆ ಅದನ್ನು ಓಡಿಸಬಾರದು, ಅಷ್ಟೆ. ತುರ್ತು ವಾಹನಗಳಿಗೂ ಅಂಗವಿಕಲರಿಗೂ ವಿನಾಯಿತಿ ಉಂಟು. ತಪ್ಪಿದವರಿಗೆ 1 ಲಕ್ಷ ಯೆನ್‌ವರೆಗೆ ದಂಡ.

ಓಸ್ಲೋ ನಗರದ ದಾರಿ ಬೇರೆ. ಅಲ್ಲಿ ಶುಲ್ಕ ಕಟ್ಟಿದರೆ ಮೊಳೆ ಟೈರಿಗೆ ಅಡ್ಡಿಯಿಲ್ಲ. ಬಳಕೆ ತಗ್ಗಿಸಲು ಇದು ನೆರವಾದೀತು. ಆದರೆ ಹಣ ಕಟ್ಟಿದವರು ಎಬ್ಬಿಸಿದ ಧೂಳನ್ನು ಕಾರೇ ಇಲ್ಲದವರೂ ಕುಡಿಯಬೇಕು. ಸ್ಟಾಕ್‌ಹೋಮ್ 2010ರಲ್ಲಿ ಹೋರ್ನ್ಸ್‌ಗಾಟನ್ ಎಂಬ ಬೀದಿಯಲ್ಲಿ ನಿಷೇಧ ಹೇರಿತು. ಅಷ್ಟರಿಂದ ಪಕ್ಕದ ಬೀದಿಯವರಿಗೆ ಏನು ಸಿಕ್ಕಿತು?

ಜಪಾನಿನ ಕಾಯ್ದೆಯಲ್ಲೂ ಕೊರತೆಯಿದೆ. ಸಪ್ಪೊರೊದಂಥ ಹಿಮ ತುಂಬಿದ ಊರಿನಲ್ಲಿ ಮೊಳೆಗಳು ಗಡ್ಡೆಯನ್ನು ಗೀರಿ ಒರಟಾಗಿಸುತ್ತಿದ್ದವು. ಮೊಳೆಯಿಲ್ಲದ ಟೈರುಗಳು ಅದನ್ನೇ ಉಜ್ಜಿ ಗಾಜಿನಂತೆ ನುಣುಪಾಗಿಸಿದವು. ರಸ್ತೆ ದಾಟುವವರು ಜಾರಿ ಬೀಳುವುದು ಹೆಚ್ಚಾಯಿತು. ಈಗ ಅಲ್ಲಿನ ಅಡ್ಡರಸ್ತೆಗಳ ಬಳಿ ಮರಳಿನ ಪೆಟ್ಟಿಗೆಗಳಿವೆ. ದಾರಿಹೋಕರೇ ಮರಳು ತೆಗೆದು ಚೆಲ್ಲಿಕೊಳ್ಳಬಹುದು. ಒಳ್ಳೆಯ ಏರ್ಪಾಡೇ. ಆದರೆ ಪಾದಚಾರಿಯ ಉಸಿರು ಕಾಯಲು ಹೊರಟವರು ಅವರ ಕಾಲಿನ ಬಗ್ಗೆಯೂ ಅಷ್ಟೇ ಮುತುವರ್ಜಿ ವಹಿಸಬೇಕಿತ್ತು.

ಇಷ್ಟಿದ್ದರೂ ನನ್ನ ಮತ ಈ ಕಾಯ್ದೆಗೇ. ಮೊಳೆ ಟೈರು ಇನ್ನೂ ಓಡುತ್ತಿರುವ ದೇಶಗಳು ಶುಲ್ಕದ ಚೀಟಿ ಹರಿಯುವ ಮೊದಲು ತಯಾರಕರನ್ನು ಕರೆದು ಮಾತಿಗೆ ಕೂರಿಸಲಿ.