ಭಾವಚಿತ್ರದಲ್ಲಿ ಭಾವ ಎಲ್ಲಿದೆ?

ನಮ್ಮ ಕಾವ್ಯಗಳ ಅಷ್ಟಾದಶ ವರ್ಣನೆಗಳನ್ನು ಓದಿದವರಿಗೆ ಋತುವೆಂದರೆ ಹೆಣ್ಣಿನ ಮನಸ್ಸು ಎಂಬುದು ರೂಢಿಯಾಗಿಬಿಟ್ಟಿರುತ್ತದೆ. ಮಾವು ಚಿಗುರಿದರೆ ವಿರಹಿಣಿಗೆ ತಾಪ, ಮೋಡ ಕವಿದರೆ ಕಾತರ. ಇದೇ ರೂಢಿಯಲ್ಲಿ ನಾನು ಫ್ರೆಂಚ್ ಕಲಾವಿದ ಎದ್ವಾರ್ ಮಾನೆಯ ‘ವಸಂತ’ ಮತ್ತು ‘ಶರತ್ಕಾಲ’ ಚಿತ್ರಗಳನ್ನು ನೋಡಿದೆ. ಮೊದಲಿಗೆ ನಿರಾಸೆಯಾಯಿತು. ನಾನು ಹುಡುಕಿದ ಭಾವ ಇಬ್ಬರ ಮುಖದಲ್ಲೂ ಇರಲಿಲ್ಲ.

ನಾಲ್ಕು ಋತುಗಳನ್ನು ನಾಲ್ವರು ಹೆಂಗಸರ ಭಾವಚಿತ್ರಗಳಾಗಿ ಬರೆಯುವ ಯೋಜನೆಯೊಂದು ಮಾನೆ ಮತ್ತು ಆತನ ಗೆಳೆಯ ಆಂತೊನ್ಯಾ ಪ್ರೂಸ್ತ್ ನಡುವೆ ಹುಟ್ಟಿತ್ತು. 1881ರಲ್ಲಿ ಬರೆದ ‘ವಸಂತ’ಕ್ಕೆ ರೂಪದರ್ಶಿಯಾದವಳು ನಟಿ ಜಾನ್ ದಮಾರ್ಸಿ. 1882ರ ಪ್ಯಾರಿಸ್ ಸಲೋನಿನಲ್ಲಿ ಅದು ಪ್ರದರ್ಶನಗೊಂಡಿತು. ಹೂವಿನ ಟೋಪಿ, ಹೂವಿನ ಉಡುಪು, ಭುಜದ ಮೇಲೆ ಕೊಡೆ, ಹಿಂದೆ ದಟ್ಟ ಹಸಿರು. ಇಷ್ಟೆಲ್ಲ ಅರಳಿದ್ದರೂ ಅವಳು ನಗುವುದಿಲ್ಲ, ನಮ್ಮತ್ತ ತಿರುಗುವುದೂ ಇಲ್ಲ. ‘ಶರತ್ಕಾಲ’ದ ಮೆರಿ ಲೊರಾಂ ಕೂಡ ಪಾರ್ಶ್ವಮುಖದಲ್ಲೇ ಇದ್ದಾಳೆ. ಅವಳದು ತುಪ್ಪಳದ ಅಂಚಿನ ಕಂದು ನಿಲುವಂಗಿ. ಹಿನ್ನೆಲೆಯಲ್ಲಿ ಮಾತ್ರ ಉದುರುವ ಎಲೆಗಳಿಲ್ಲ. ನೀಲಿಯ ಮೇಲೆ ಹೂಗಳಿವೆ.

ಅಂದರೆ ಇಲ್ಲಿ ಋತು ಇರುವುದು ಬಟ್ಟೆಯಲ್ಲಿ, ಹಿನ್ನೆಲೆಯಲ್ಲಿ. ಮುಖ ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಶರತ್ಕಾಲದ ಪಾಲಿಗೆ ಬಂದ ಮೆರಿಗೆ ಆಗ ಮೂವತ್ತು ದಾಟಿ ಎರಡು ಮೂರು ವರ್ಷವಷ್ಟೇ. ಮಾನೆ ವಯಸ್ಸಿನ ಲೆಕ್ಕ ಹಾಕಿಯೇ ಅವಳನ್ನು ಆರಿಸಿದ ಎಂದು ನಾನು ಹೇಳಲಾರೆ. ಆದರೆ ಮೂವತ್ತಕ್ಕೆ ಹತ್ತಿರವಾಗುತ್ತಿರುವ ನನಗೆ ಆ ಹಣೆಪಟ್ಟಿ ಚುಚ್ಚದೇ ಇರಲಿಲ್ಲ. ಸಮಾಧಾನವೆಂದರೆ, ಚಿತ್ರದಲ್ಲಿ ಅವಳು ಬಾಡಿಲ್ಲ.

ಕೇಶವದಾಸನ ‘ಕವಿಪ್ರಿಯಾ’ದ ಬಾರಹಮಾಸವನ್ನು ಆಧರಿಸಿದ ರಾಜಸ್ಥಾನಿ, ಪಹಾಡಿ ಚಿತ್ರಗಳಲ್ಲೂ ನಾಯಿಕೆಯದು ಹೆಚ್ಚಾಗಿ ಪಾರ್ಶ್ವಮುಖವೇ. ತಿಂಗಳು ಬದಲಾದರೂ ಅವಳ ಮುಖ ಅಷ್ಟಾಗಿ ಬದಲಾಗದು. ಆದರೆ ಅಲ್ಲಿ ಅವಳಿಗೆ ಮಾತಿದೆ: ಒಂದೊಂದು ತಿಂಗಳ ಸೊಬಗನ್ನೂ ಹೇಳಿ, ಈಗ ಹೊರಡಬೇಡ ಎಂದು ನಲ್ಲನನ್ನು ತಡೆಯುತ್ತಾಳೆ. ಋತು ಅವಳ ಕೈಯಲ್ಲಿರುವ ವಾದ. ಮಾನೆಯ ಹೆಂಗಸರಿಗೆ ಆ ಮಾತಿಲ್ಲ, ಮೌನವಷ್ಟೇ ಇದೆ. ಆ ಮೌನವನ್ನು ಕೊರತೆಯೆಂದು ನಾನು ಓದಿದ್ದೇ ತಪ್ಪಾಗಿತ್ತು. ವಸಂತವೆಂದು ಹೆಸರಿಟ್ಟ ಮಾತ್ರಕ್ಕೆ ಜಾನ್ ಹಿಗ್ಗಬೇಕಿಲ್ಲ, ಶರತ್ತೆಂದ ಮಾತ್ರಕ್ಕೆ ಮೆರಿ ಕೊರಗಬೇಕಿಲ್ಲ. ಅವರ ಭಾವ ಅವರದೇ ಆಗಿ ಉಳಿದಿದೆ.

‘ಭಾವಚಿತ್ರ’ ಎಂಬ ನಮ್ಮ ಪದ ದೊಡ್ಡ ಭರವಸೆಯನ್ನೇ ಕೊಡುತ್ತದೆ. ಮುಖ ಬರೆದರೆ ಭಾವ ಸಿಕ್ಕಿತೆಂದು ನಂಬಿಸುತ್ತದೆ. ಈ ಎರಡು ಚಿತ್ರಗಳನ್ನು ನೋಡಿದ ಮೇಲೆ ವಸಂತವರ್ಣನೆಯ ಪದ್ಯ ಎದುರಾದಾಗಲೆಲ್ಲ, ಈ ತಾಪ ಅವಳದೋ, ಕವಿ ಅವಳಿಗೆ ಉಡಿಸಿದ್ದೋ ಎಂದು ಕೇಳಿಕೊಳ್ಳುತ್ತೇನೆ.

ಮಾನೆ 1883ರ ಏಪ್ರಿಲ್ 30ರಂದು, 51ನೇ ವಯಸ್ಸಿನಲ್ಲಿ ತೀರಿಕೊಂಡ. ಬೇಸಿಗೆ ಮತ್ತು ಚಳಿಗಾಲ ಪೂರ್ಣಗೊಳ್ಳಲೇ ಇಲ್ಲ.