ಕೇಸ್ ಷೀಟಿನ ವಿಶೇಷಣಗಳು

ನನ್ನ ತಂಗಿಯ ಮಗಳು ಇಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಅಮೆರಿಕದಲ್ಲಿ ಮನೋವೈದ್ಯಶಾಸ್ತ್ರದ ತರಬೇತಿಗೆ ಸೇರಿದ್ದಾಳೆ. ಕಳೆದ ಸಲ ರಜೆಗೆ ಬಂದಾಗ ಚಾಕಲೇಟು, ಬಾದಾಮಿಗಳ ನಡುವಿನಿಂದ ಒಂದು ಪುಸ್ತಕ ತೆಗೆದು, "ದೊಡ್ಡಮ್ಮ, ನೀನೂ ಓದು, ಆಮೇಲೆ ಮಾತಾಡೋಣ" ಎಂದು ನನ್ನ ಕೈಗಿಟ್ಟಳು. ಅವರ ತರಗತಿಯಲ್ಲಿ ಅದನ್ನು ಓದಿಸುತ್ತಾರಂತೆ. ಡಾಕ್ಟರುಗಳ ಪಾಠ ನನಗೇಕಮ್ಮ ಎಂದುಕೊಂಡೇ ಬಿಡಿಸಿದೆ. ಮೂರು ದಿನ ಮಧ್ಯಾಹ್ನದ ನಿದ್ದೆಯನ್ನು ಅದು ಕಿತ್ತುಕೊಂಡಿತು.

ಪುಸ್ತಕದ ಹೆಸರು 'ದ ಪ್ರೊಟೆಸ್ಟ್ ಸೈಕೋಸಿಸ್'. ಪ್ರತಿಭಟನೆಯ ಹುಚ್ಚು ಎನ್ನಬಹುದೇನೋ. ಸ್ಕಿಜೋಫ್ರೀನಿಯಾ ಹೇಗೆ ಕಪ್ಪು ಜನರ ಕಾಯಿಲೆಯಾಯಿತು ಎಂಬುದು ಅದರ ವಸ್ತು. ಬರೆದವರು ಜೊನಾಥನ್ ಮೆಟ್ಜಲ್, ಸ್ವತಃ ಮನೋವೈದ್ಯರು, ಪ್ರಕಟವಾದದ್ದು 2010ರಲ್ಲಿ. ಮಿಷಿಗನ್ ರಾಜ್ಯದ ಅಯೋನಿಯಾ ಎಂಬ ಸಣ್ಣ ಊರಿನಲ್ಲಿ, ಅಪರಾಧ ಎಸಗಿದ ಮಾನಸಿಕ ರೋಗಿಗಳಿಗೆಂದು 1885ರಲ್ಲಿ ತೆರೆದ ಒಂದು ಆಸ್ಪತ್ರೆ ಇತ್ತು. ಅದು 1970ರ ದಶಕದಲ್ಲಿ ಮುಚ್ಚಿ, ಆ ಜಾಗ ಜೈಲಾಯಿತು. ಆಸ್ಪತ್ರೆಯ ಹಳೆಯ ಕೇಸ್ ಷೀಟುಗಳು ಸರ್ಕಾರಿ ದಾಖಲೆ ಸಂಗ್ರಹಕ್ಕೆ ಸೇರಿದವು. ಮೆಟ್ಜಲ್ ಅಲ್ಲಿ ಕೂತು, ಒಂದೊಂದೇ ಕಡತ ಬಿಚ್ಚಿ ಓದಿದ್ದಾರೆ. ರೋಗಿಗೆ ಏನಾಗಿತ್ತು ಎನ್ನುವುದರ ಜೊತೆಗೆ, ಡಾಕ್ಟರು ಯಾವ ಪದದಲ್ಲಿ ಅದನ್ನು ಬರೆದರು ಎಂಬುದನ್ನೂ ನೋಡಿದ್ದಾರೆ. ಇಡೀ ಪುಸ್ತಕದ ಜೀವ ಈ ಎರಡನೆಯ ನೋಟದಲ್ಲಿದೆ.

ಮೊದಲ ಅಧ್ಯಾಯಗಳಲ್ಲಿ ಬರುವವರು ಹೆಚ್ಚಾಗಿ ಬಿಳಿಯ ಗೃಹಿಣಿಯರು. 1940-50ರ ದಶಕಗಳಲ್ಲಿ ಅಮೆರಿಕದ ಪತ್ರಿಕೆಗಳಲ್ಲೂ ಡಾಕ್ಟರುಗಳ ಮನಸ್ಸಿನಲ್ಲೂ ಸ್ಕಿಜೋಫ್ರೀನಿಯಾ ಎಂದರೆ ಮಧ್ಯಮವರ್ಗದ, ಅಂಥ ಅಪಾಯವೇನೂ ಇಲ್ಲದ, ಒಳಗೊಳಗೇ ಒಡೆದುಹೋದ ಮನಸ್ಸಿನ ಕಾಯಿಲೆ. ಮನೆಗೆಲಸ ನಿಭಾಯಿಸಲಾರದವಳು, ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳದವಳು, ನಾಲ್ಕು ಜನರೆದುರು ಗಟ್ಟಿಯಾಗಿ ಮಾತಾಡಿ ಗಂಡನಿಗೆ ಮುಜುಗರ ತಂದವಳು: ಇವೆಲ್ಲ ಕೇಸ್ ಷೀಟಿನಲ್ಲಿ ರೋಗದ ಲಕ್ಷಣಗಳಾಗಿ ದಾಖಲಾಗಿವೆ! ಇದನ್ನು ಓದಿ ನಗದೆ ಇರಲಾಗಲಿಲ್ಲ. ಆ ನಗು ಬಹಳ ಹೊತ್ತು ಉಳಿಯಲೂ ಇಲ್ಲ. ಸಾರು ಹೊತ್ತಿಸಿದ್ದಕ್ಕೆ "ನಿನಗೆ ತಲೆ ಕೆಟ್ಟಿದೆ" ಅನ್ನಿಸಿಕೊಂಡವರು ನಮ್ಮಲ್ಲಿ ಯಾರಿಲ್ಲ?

ಆಮೇಲೆ ಕಾಲ ಬದಲಾಗುತ್ತದೆ. ನಾಗರಿಕ ಹಕ್ಕುಗಳ ಹೋರಾಟ ಬೀದಿಗಿಳಿಯುತ್ತದೆ. 1967ರಲ್ಲಿ ಡೆಟ್ರಾಯಿಟ್ ಹೊತ್ತಿ ಉರಿಯುತ್ತದೆ. ಆ ನಗರದ ಕಪ್ಪು ಗಂಡಸರು ಕೋರ್ಟಿನ ಮೂಲಕ ಅಯೋನಿಯಾಕ್ಕೆ ಬಂದು ಬೀಳುತ್ತಾರೆ. 1968ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ರೋಗಗಳ ಕೈಪಿಡಿಯ ಎರಡನೆಯ ಆವೃತ್ತಿಯನ್ನು ಹೊರತರುತ್ತದೆ. ಸ್ಕಿಜೋಫ್ರೀನಿಯಾದ ಸಂಶಯಪ್ರಧಾನ ಬಗೆಯನ್ನು ಅದು ವರ್ಣಿಸುವಾಗ, ಹಗೆತನ ಮತ್ತು ಆಕ್ರಮಣಶೀಲತೆ ಎಂಬ ಮಾತುಗಳು ಸೇರುತ್ತವೆ. ಅದೇ ವರ್ಷ ಬ್ರಾಂಬರ್ಗ್ ಮತ್ತು ಸೈಮನ್ ಎಂಬ ಇಬ್ಬರು ಮನೋವೈದ್ಯರು, ಕಪ್ಪು ಕೈದಿಗಳ ಹಕ್ಕಿನ ಮಾತಿನಲ್ಲೇ ಒಂದು ಹೊಸ ಚಿತ್ತಭ್ರಮೆಯನ್ನು ಕಂಡುಹಿಡಿದು ಲೇಖನ ಬರೆಯುತ್ತಾರೆ. ಪುಸ್ತಕಕ್ಕೆ ಹೆಸರು ಬಂದದ್ದು ಅಲ್ಲಿಂದ. 1974ರಲ್ಲಿ ಹಾಲ್ಡಾಲ್ ಔಷಧಿಯ ಜಾಹೀರಾತು ವೈದ್ಯರ ಪತ್ರಿಕೆಯಲ್ಲಿ ಬಂತು: ಬೀದಿಯಲ್ಲಿ ಮುಷ್ಟಿ ಎತ್ತಿದ ಕಪ್ಪು ಗಂಡಸು, ವಿಕಾರಗೊಂಡ ಮುಖ. ಔಷಧಿ ಕೊಟ್ಟರೆ ಅವನು ಹೇಳಿದ ಮಾತು ಕೇಳುತ್ತಾನೆ ಎಂಬುದು ಜಾಹೀರಾತಿನ ಭರವಸೆ. ಇತ್ತ ಗೃಹಿಣಿಯರ ಕಡತಗಳಲ್ಲಿ ಸ್ಕಿಜೋಫ್ರೀನಿಯಾ ಹೋಗಿ, ಖಿನ್ನತೆಯಂಥ ಸೌಮ್ಯ ಹೆಸರುಗಳು ಬಂದು ಕೂತವು. ಒಂದೇ ಹೆಸರಿನ ಕಾಯಿಲೆ ಹದಿನೈದು-ಇಪ್ಪತ್ತು ವರ್ಷಗಳಲ್ಲಿ ಮೈಬಣ್ಣವನ್ನೂ ಲಿಂಗವನ್ನೂ ಬದಲಿಸಿಕೊಂಡಿತು.

ಇಲ್ಲಿ ನನ್ನದೇ ಒಂದು ಮಾತು ಹೇಳಿಕೊಳ್ಳಬೇಕು. ಗೃಹಿಣಿಯರ ಪುಟಗಳನ್ನು ಓದುವಾಗ ನನ್ನ ಕಣ್ಣು ಒದ್ದೆಯಾಗಿತ್ತು. ಕಪ್ಪು ಗಂಡಸರ ಅಧ್ಯಾಯಕ್ಕೆ ಬಂದಾಗ, ಅವನು ನಿಜಕ್ಕೂ ಹೊಡೆದಿದ್ದನೇ, ಏನು ಅಪರಾಧ ಮಾಡಿದ್ದ ಎಂದು ಹಿಂದಿನ ಪುಟಗಳನ್ನು ತಿರುವಿ ಹುಡುಕಿದೆ. ಆ ಹೆಂಗಸರೂ ಅದೇ ಆಸ್ಪತ್ರೆಯಲ್ಲಿದ್ದವರೇ. ಅವರ ಅಪರಾಧವೇನೆಂದು ನಾನು ಒಂದು ಸಲವೂ ಹುಡುಕಿರಲಿಲ್ಲ. ಸಿನಿಮಾ, ಸುದ್ದಿಗಳಿಂದ ಬಂದ ಅಂಜಿಕೆ, ಹೆಣ್ಣು ನೋಡಲು ಬಂದವರು ಬಣ್ಣ ಕೇಳುವ ನಮ್ಮ ಮನೆಗಳಿಂದ ಬಂದ ಅಭ್ಯಾಸ, ಎರಡೂ ನನ್ನ ಓದಿನೊಳಗೆ ಕೂತಿದ್ದವು.

ತಂಗಿಯ ಮಗಳ ತರಗತಿಯೂ ಹೀಗೇ ಶುರುವಾಯಿತಂತೆ. ಹಿಂದೆ ಇಂಥ ಪಾಠ ಎಂದರೆ ಯಾವ ಜನಾಂಗದವರ ಆಚಾರ ಏನು, ನಂಬಿಕೆ ಏನು ಎಂಬ ಪಟ್ಟಿ. ಡಾಕ್ಟರು ಕನ್ನಡಕದ ಈಚೆಗೆ ಕೂತು ಬೇರೆಯವರ ಸಂಸ್ಕೃತಿ ಕಲಿಯುತ್ತಿದ್ದರು. ಅದು ಸಾಲದು ಎಂದು ಮೆಟ್ಜಲ್, ಹೆಲೆನಾ ಹ್ಯಾನ್ಸನ್ ಅವರ ಜೊತೆ 2014ರಲ್ಲಿ ಬರೆದರು. ರೋಗಿ ವಾಸಿಸುವ ಮನೆ, ಕೇರಿ, ಆಸ್ಪತ್ರೆಯ ನಿಯಮ, ಕಾನೂನು ಇವೆಲ್ಲ ರೋಗವನ್ನು ಹೇಗೆ ರೂಪಿಸುತ್ತವೆಂದು ತರಬೇತಿಯಲ್ಲೇ ಕಲಿಸಬೇಕೆಂಬುದು ಅವರ ವಾದ. ಅವಳ ಮೇಷ್ಟರು ಇನ್ನೂ ಸರಳವಾದ ಕೆಲಸ ಕೊಟ್ಟರಂತೆ: ನೀವೇ ಬರೆದ ಕೇಸ್ ಷೀಟ್ ನೆನಪಿಸಿಕೊಳ್ಳಿ, ಒಂದೊಂದು ವಿಶೇಷಣವನ್ನೂ ಹೊಡೆದುಹಾಕಿ, ಆ ಜಾಗದಲ್ಲಿ ಕಣ್ಣಿಂದ ಕಂಡದ್ದು, ಕಿವಿಯಿಂದ ಕೇಳಿದ್ದು ಮಾತ್ರ ಬರೆಯಿರಿ.

ರಾತ್ರಿಪಾಳಿಯಲ್ಲಿ ತಾಯಿ ಕರೆತಂದಿದ್ದ ಒಬ್ಬ ಕಪ್ಪು ಹುಡುಗನ ಬಗ್ಗೆ ಅವಳು "ಹಗೆತನ, ಅಸಹಕಾರ" ಎಂದು ಬರೆದಿದ್ದಳು. ವಿಶೇಷಣ ತೆಗೆದ ಮೇಲೆ ಉಳಿದದ್ದು ಇಷ್ಟೆ: ಕೂರಲಿಲ್ಲ, ಬಾಗಿಲಿಗೆ ಬೀಗ ಯಾಕೆ ಎಂದು ಮೂರು ಸಲ ಏರುದನಿಯಲ್ಲಿ ಕೇಳಿದ, ಯಾರೂ ಉತ್ತರ ಹೇಳಲಿಲ್ಲ. ಅದೇ ವಾರ ಅಷ್ಟೇ ಕೂಗಾಡಿದ ಬಿಳಿಯ ವಿದ್ಯಾರ್ಥಿಯೊಬ್ಬನಿಗೆ ಅವಳು ಬರೆದದ್ದು "ಆತಂಕಗೊಂಡಿದ್ದಾನೆ" ಎಂದು. "ನಾನೂ ಕಂದುಬಣ್ಣದವಳೇ ಅಲ್ವಾ ದೊಡ್ಡಮ್ಮ, ನನಗೆಲ್ಲಿಂದ ಬಂತು ಅದು?" ಎಂದಳು. ಅಮೆರಿಕದಲ್ಲಿ ಸ್ಕಿಜೋಫ್ರೀನಿಯಾ ಎಂಬ ಹಣೆಪಟ್ಟಿ ಕಪ್ಪು ಜನರಿಗೆ ಬಿಳಿಯರಿಗಿಂತ ಎರಡು ಪಟ್ಟಿಗೂ ಮಿಕ್ಕಿ ಬೀಳುತ್ತದೆ. ಅವರ ದುಃಖ, ಖಿನ್ನತೆಗಳು ಡಾಕ್ಟರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಆ ಲೆಕ್ಕವೆಲ್ಲ ಇಂಥ ಒಂದೊಂದು ರಾತ್ರಿಯ ಒಂದೊಂದು ಪದದಿಂದ ಕೂಡಿದ್ದಿರಬೇಕು.

ಪುಸ್ತಕದ ಮೇಲೆ ನನಗೆ ತಕರಾರು ಇಲ್ಲದಿಲ್ಲ. ಒಂದೇ ಆಸ್ಪತ್ರೆಯ ಕಡತಗಳ ಮೇಲೆ ಇಡೀ ದೇಶದ ಕಥೆಯನ್ನು ನಿಲ್ಲಿಸುವಾಗ ಲೇಖಕರು ಕೆಲವೆಡೆ ಅವಸರ ಮಾಡುತ್ತಾರೆ. ಕಾಯಿಲೆ ನಿಜ, ಅದರ ನೋವೂ ನಿಜ ಎಂದು ಅವರು ಒಪ್ಪುತ್ತಾರೆ. ಆದರೆ ಕಲಿಯುವ ಡಾಕ್ಟರು, ನಿಜಕ್ಕೂ ಇಲ್ಲದ ದನಿಗಳನ್ನು ಕೇಳುತ್ತ ಬೆದರಿ ನಿಂತವನೆದುರು ಏನು ಮಾಡಬೇಕು ಎಂಬಲ್ಲಿ ಪುಸ್ತಕ ಹೆಚ್ಚು ನೆರವಾಗುವುದಿಲ್ಲ. ಅನುಮಾನ ಕಲಿಸುವುದು ಸುಲಭ, ಅನುಮಾನ ಇಟ್ಟುಕೊಂಡೇ ಔಷಧಿ ಬರೆಯುವುದು ಕಷ್ಟ. ನನಗೆ ಎಲ್ಲಕ್ಕಿಂತ ಕಾಡಿದ ಕೊರತೆ ಇನ್ನೊಂದು. ಆ ಗಂಡಸರ ತಾಯಂದಿರು, ಹೆಂಡತಿಯರು ಎಲ್ಲಿ? ವರ್ಷಗಟ್ಟಲೆ ಒಳಗಿದ್ದವರನ್ನು ನೋಡಲು ಅಷ್ಟು ದೂರ ಹೋಗಿ ಬಂದವರು ಇದ್ದಿರಲೇಬೇಕು. ಕಡತದಲ್ಲಿ ಅವರಿಗೆ ಜಾಗ ಕಡಿಮೆ. ಕಡತವನ್ನೇ ನೆಚ್ಚಿದ ಪುಸ್ತಕದಲ್ಲೂ ಅಷ್ಟೇ.

ಅಮೆರಿಕದ ಮನೋವೈದ್ಯರ ಸಂಘ 2021ರ ಜನವರಿಯಲ್ಲಿ ಈ ಎಲ್ಲ ಹಳೆಯ ವರ್ಣಭೇದಕ್ಕೆ ಕ್ಷಮೆ ಕೇಳಿತು. ಗುಲಾಮರು ಓಡಿಹೋಗುವುದಕ್ಕೂ ಒಂದು ರೋಗದ ಹೆಸರು ಕೊಟ್ಟ ಕಾರ್ಟ್‌ರೈಟ್ ಎಂಬ ವೈದ್ಯನ ಕಾಲ 1851. ನೂರಾ ಎಪ್ಪತ್ತು ವರ್ಷ ಹಿಡಿಯಿತು.

ಅವಳು ಹೊರಡುವ ಹಿಂದಿನ ರಾತ್ರಿ ಚಟ್ನಿಪುಡಿ ಪೊಟ್ಟಣ ಕಟ್ಟುತ್ತ ಕೇಳಿದೆ, "ಆ ಹುಡುಗನ ಕೇಸ್ ಷೀಟ್ ತಿದ್ದಿದೆಯೇನೇ?"

"ಬರೆದದ್ದನ್ನ ಅಳಿಸೋಕಾಗಲ್ಲ ದೊಡ್ಡಮ್ಮ. ಕೆಳಗೆ ಸೇರಿಸಿ ಬರೀಬಹುದು ಅಷ್ಟೆ. ಬರೆದೆ. ಅಷ್ಟರಲ್ಲಿ ಅವನನ್ನ ಬೇರೆ ಆಸ್ಪತ್ರೆಗೆ ಕಳಿಸಿಬಿಟ್ಟಿದ್ರು, ನಾನು ಮೊದಲು ಬರೆದ ಪುಟದ ಜೊತೆಗೇ."